ಉಲ್ಲೇಖದ ಲೆಕ್ಕಕ್ಕೆ ಸಿಗದ ಬೆಟ್ಟ



ಕಳೆದ ಬಾರಿ ನಮ್ಮ ಬಳಗದ ಸಭೆಗೆ ಗುಡ್ಡದ ಸೆರಗಿನ ಹಳ್ಳಿಯ ತರುಣನೊಬ್ಬ ಬಂದಿದ್ದ. ಭೂವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಪಿಎಚ್.ಡಿ.ಗೆ ವಿಷಯ ಹುಡುಕುತ್ತಿದ್ದಾನೆ. ನಾರಿಹಳ್ಳಕ್ಕೆ ಸೇರುವ ತೊರೆಗಳಲ್ಲಿ ಮಳೆಗಾಲಕ್ಕೆ ಎಷ್ಟು ಕೆಂಪು ಹೂಳು ಇಳಿದು ಬರುತ್ತದೆ, ಅದರಲ್ಲಿ ಗಣಿಯ ಪಾಲೆಷ್ಟು, ಹೊಲಗಳ ಸವೆತದ ಪಾಲೆಷ್ಟು ಎಂಬುದನ್ನು ಐದು ವರ್ಷ ಬಿಡದೆ ಅಳೆಯಬೇಕೆಂಬುದು ಅವನ ಹಂಬಲ. ಅವನು ಸಲಹೆ ಕೇಳಿದ ಅಧ್ಯಾಪಕರೊಬ್ಬರು, ಅವನ ಹಿತವನ್ನೇ ಬಯಸಿ, ಬೇಡವೆಂದರಂತೆ. ಒಂದು ತಾಲ್ಲೂಕಿನ ಹಳ್ಳದ ಹೂಳನ್ನು ಯಾವ ದೊಡ್ಡ ಜರ್ನಲ್ ಪ್ರಕಟಿಸೀತು, ಪ್ರಕಟಿಸಿದರೂ ಯಾರು ಸೈಟ್ ಮಾಡಿಯಾರು ಎಂಬುದು ಅವರ ಮಾತು. ಸಭೆಯ ಮೂಲೆಯಲ್ಲಿ ಕುಳಿತಿದ್ದ ಹಿರಿಯ ರೈತರೊಬ್ಬರು, 'ತಮ್ಮಾ, ಈ ಸೈಟೇಶನ್ ಅಂದ್ರ ಏನು? ಹೊಸಪೇಟ್ಯಾಗ ಮಾರತಾರಲ್ಲ, ಆ ಸೈಟೇನು?' ಎಂದು ಕೇಳಿದರು. ಎಲ್ಲರೂ ನಕ್ಕರು. ನಕ್ಕ ಮೇಲೆ ಯಾರಿಗೂ ನೇರವಾದ ಉತ್ತರ ಹೊಳೆಯಲಿಲ್ಲ. ಈ ಸಂಚಿಕೆಯ ಸಂಪಾದಕೀಯ ಆ ಹಿರಿಯರಿಗೂ ಆ ತರುಣನಿಗೂ ನಾವು ಉಳಿಸಿಕೊಂಡ ಉತ್ತರ.

ಒಬ್ಬ ಸಂಶೋಧಕ ತನ್ನ ಪ್ರಬಂಧವನ್ನು ಬರೆಯುವಾಗ ಹಿಂದಿನವರ ಯಾವ ಬರಹಗಳನ್ನು ಆಧರಿಸಿದ್ದೇನೆಂದು ಕೊನೆಯಲ್ಲಿ ಪಟ್ಟಿ ಕೊಡುತ್ತಾನೆ. ಆ ಪಟ್ಟಿಯಲ್ಲಿ ಒಂದು ಬರಹದ ಹೆಸರು ಬಂದರೆ ಅದಕ್ಕೆ ಒಂದು ಉಲ್ಲೇಖ ದೊರೆತಂತೆ. ಇಷ್ಟೇ ಸೈಟೇಶನ್. ಇದನ್ನು ಜಗತ್ತಿನ ಮಟ್ಟದಲ್ಲಿ ಎಣಿಸುವ ವ್ಯವಸ್ಥೆಯನ್ನು ಕಟ್ಟಿದವರು ಅಮೆರಿಕದ ಫಿಲಡೆಲ್ಫಿಯಾದ ಯೂಜೀನ್ ಗಾರ್ಫೀಲ್ಡ್. 1955ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅವರು ಈ ವಿಚಾರವನ್ನು ಮಂಡಿಸಿದರು. 1964ರಲ್ಲಿ ಅವರ ಸೈನ್ಸ್ ಸೈಟೇಶನ್ ಇಂಡೆಕ್ಸ್ ಹೊರಬಂತು. ಗಾರ್ಫೀಲ್ಡರಿಗೆ ಈ ಉಪಾಯ ಹೊಳೆದದ್ದು ವಕೀಲರ ಕೈಪಿಡಿಯೊಂದರಿಂದ. ಹತ್ತೊಂಬತ್ತನೆಯ ಶತಮಾನದಿಂದಲೂ ಅಮೆರಿಕದ ವಕೀಲರು ಶೆಪರ್ಡ್ ಎಂಬುವರ ಸೂಚಿಯನ್ನು ತೆರೆದು, ತಾವು ಆಧರಿಸಲಿರುವ ತೀರ್ಪನ್ನು ಮುಂದಿನ ನ್ಯಾಯಾಲಯಗಳು ಎತ್ತಿಹಿಡಿದಿವೆಯೋ ತಳ್ಳಿಹಾಕಿವೆಯೋ ಎಂದು ಪರೀಕ್ಷಿಸುತ್ತಿದ್ದರು. ವಿಜ್ಞಾನಕ್ಕೂ ಅಂಥದೊಂದು ಇರಲಿ, ತಪ್ಪೆಂದು ಸಿದ್ಧವಾದ ಪ್ರಬಂಧವನ್ನು ಯಾರೂ ಕಣ್ಣುಮುಚ್ಚಿ ಆಧರಿಸದಿರಲಿ ಎಂಬುದು ಮೂಲ ಆಶಯ. ಅಂದರೆ ಉಲ್ಲೇಖ ಸೂಚಿ ಹುಟ್ಟಿದ್ದು ಒಂದು ಮಾತಿನ ಜಾಡು ಹಿಡಿಯುವುದಕ್ಕೆ. ಆಡಿದವನ ತೂಕ ನೋಡುವುದಕ್ಕಲ್ಲ.

ತೂಕ ನೋಡುವ ಕೆಲಸ ಆಮೇಲೆ ಅಂಟಿಕೊಂಡಿತು. ಒಂದು ಪತ್ರಿಕೆ 2023 ಮತ್ತು 2024ರಲ್ಲಿ ಒಟ್ಟು 100 ಪ್ರಬಂಧ ಪ್ರಕಟಿಸಿ, ಅವಕ್ಕೆ 2025ರಲ್ಲಿ 250 ಉಲ್ಲೇಖ ಬಂದರೆ ಆ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ 2.5. ಯಾವ ಪತ್ರಿಕೆಗೆ ಚಂದಾ ಕಟ್ಟಬೇಕೆಂದು ನಿರ್ಧರಿಸುವ ಗ್ರಂಥಪಾಲಕನಿಗೆ ಇದು ಉಪಯುಕ್ತವಾದ ಅಂಕಿ. 2005ರಲ್ಲಿ ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ ವ್ಯಕ್ತಿಗಳಿಗೇ ಒಂದು ಅಂಕಿಯನ್ನು ರೂಪಿಸಿದರು: ಒಬ್ಬರ 8 ಪ್ರಬಂಧಗಳು ತಲಾ ಕನಿಷ್ಠ 8 ಬಾರಿ ಉಲ್ಲೇಖಗೊಂಡಿದ್ದರೆ ಅವರ ಎಚ್-ಇಂಡೆಕ್ಸ್ 8. ಈ ಅಂಕಿಗಳು ಗ್ರಂಥಾಲಯದ ಕಪಾಟಿನಿಂದ ಎದ್ದು ನೇಮಕಾತಿ ಸಮಿತಿಯ ಮೇಜಿಗೆ ಬಂದು ಕುಳಿತದ್ದೇ ಈಗಿನ ತೊಡಕಿಗೆಲ್ಲ ಮೂಲ.

ಇನ್ನು ನಮ್ಮ ಬೆಟ್ಟದ ಕಡೆಗೆ ಬರೋಣ. ಸಂಡೂರಿನ ಬಂಡೆಗಳು ವಿಜ್ಞಾನಲೋಕಕ್ಕೆ ಅಪರಿಚಿತವಲ್ಲ. ಸುಮಾರು 270 ಕೋಟಿ ವರ್ಷ ಹಳೆಯದಾದ ಈ ಶಿಲಾಪಟ್ಟಿಯನ್ನು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಹೊರದೇಶದವರೂ ದಶಕಗಳಿಂದ ಅಭ್ಯಸಿಸಿ, ದೊಡ್ಡ ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಬರೆದಿದ್ದಾರೆ. ಆದಿಕಾಲದ ಸಾಗರ ಹೇಗಿತ್ತು, ಕಬ್ಬಿಣ ಹೇಗೆ ಪದರಗಟ್ಟಿತು ಎಂಬ ಗಂಭೀರ ಪ್ರಶ್ನೆಗಳವು. ಉಲ್ಲೇಖ ಸೂಚಿಯಲ್ಲಿ 'ಸಂಡೂರು' ಎಂದು ಹುಡುಕಿದವನಿಗೆ ಎದುರಾಗುವುದು ಈ ಸಂಡೂರು. ಅದನ್ನು ನಾವು ಕಡೆಗಣಿಸುವುದಿಲ್ಲ. ನಮ್ಮ ಕಾಲಡಿಯ ಕಲ್ಲಿನ ವಯಸ್ಸನ್ನು ತಿಳಿಯುವುದು ನಮಗೂ ಸಂತೋಷದ ಸಂಗತಿಯೇ.

ಆದರೆ ಅದೇ ಬೆಟ್ಟದ ಹಣೆಬರಹವನ್ನು ತಿದ್ದಿದ ವಿಜ್ಞಾನ ಬೇರೆ ಕಡೆ ಬರೆಯಲ್ಪಟ್ಟಿತು. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2008ರ ಡಿಸೆಂಬರಿನಲ್ಲಿ ಮೊದಲ ವರದಿಯನ್ನೂ 2011ರ ಜುಲೈ 27ರಂದು ಎರಡನೆಯದನ್ನೂ ಸಲ್ಲಿಸಿದರು. ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರೂ ಇದ್ದ ತನಿಖಾ ತಂಡದ ಮುಖ್ಯ ವಿಧಾನ ಹೈಸ್ಕೂಲಿನ ಹುಡುಗನೂ ಬಲ್ಲ ಕಳೆಯುವ ಲೆಕ್ಕ: ಬಂದರುಗಳಿಂದ ಹಡಗೇರಿದ ಅದಿರು ಎಷ್ಟು, ಅದಕ್ಕೆ ಪರ್ಮಿಟ್ ಕೊಟ್ಟದ್ದು ಎಷ್ಟು, ಉಳಿದದ್ದು ಎಲ್ಲಿಂದ ಬಂತು? ಆ ಲೆಕ್ಕದಲ್ಲಿ ಸುಮಾರು 2.98 ಕೋಟಿ ಟನ್ ಅದಿರು ಪರವಾನಗಿಯಿಲ್ಲದೆ ಹೋದದ್ದು ಹೊರಬಿತ್ತು. ಬೊಕ್ಕಸಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜಿಸಲಾಯಿತು. ಎರಡೇ ದಿನಗಳ ನಂತರ, ಜುಲೈ 29ರಂದು, ಧಾರವಾಡದ ಸಮಾಜ ಪರಿವರ್ತನ ಸಮುದಾಯ ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ಆ ವೇಳೆಗಾಗಲೇ ಅದೇ ಮೊಕದ್ದಮೆಯಲ್ಲಿ ಕೇಂದ್ರ ಉನ್ನತಾಧಿಕಾರ ಸಮಿತಿಯ ವರದಿಗಳು ನ್ಯಾಯಾಲಯದ ಮುಂದಿದ್ದವು. ಗುತ್ತಿಗೆಗಳ ಗಡಿಯನ್ನು ಜಂಟಿ ತಂಡ ಅಳೆಯಿತು. ಎಷ್ಟು ಮೀರಿದ್ದಾರೆಂಬುದರ ಮೇಲೆ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. ಡೆಹರಾಡೂನಿನ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಮಂಡಳಿಯು ನ್ಯಾಯಾಲಯದ ಆದೇಶದಂತೆ ಮೂರು ಜಿಲ್ಲೆಗಳ ಪರಿಸರ ಪರಿಣಾಮ ಅಧ್ಯಯನ ನಡೆಸಿತು. 2013ರ ಏಪ್ರಿಲ್ 18ರ ತೀರ್ಪು ಇವೆಲ್ಲವನ್ನೂ ಆಧರಿಸಿ ಸಿ ವರ್ಗದ ಗುತ್ತಿಗೆಗಳನ್ನು ರದ್ದುಮಾಡಿತು. ಉತ್ಪಾದನೆಗೂ ಮಿತಿ ಬಿತ್ತು: ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್, ಚಿತ್ರದುರ್ಗ ಮತ್ತು ತುಮಕೂರುಗಳಿಗೆ ಸೇರಿ 50 ಲಕ್ಷ ಟನ್.

ರಸ್ತೆಯ ಮೇಲೆ ಹಗಲಿರುಳು ಸಾಲುಗಟ್ಟಿದ್ದ ಟಿಪ್ಪರುಗಳು ನಿಂತದ್ದನ್ನು ಕಣ್ಣಾರೆ ಕಂಡವರು ನೀವು. ತೋರಣಗಲ್ಲಿನಿಂದ ಯಶವಂತನಗರದವರೆಗೆ ಮರದ ಎಲೆಗಳು ಎಷ್ಟೋ ವರ್ಷಗಳ ನಂತರ ಹಸಿರು ಬಣ್ಣಕ್ಕೆ ತಿರುಗಿದ್ದನ್ನೂ ಕಂಡಿರಿ. ಒಂದು ಅಧ್ಯಯನದ ಪ್ರಭಾವ ಎಂಬ ಮಾತಿಗೆ ಇದಕ್ಕಿಂತ ನೇರವಾದ ಅರ್ಥ ಇದ್ದೀತೆ? ವಿಪರ್ಯಾಸವೆಂದರೆ, ಇವುಗಳಲ್ಲಿ ಯಾವುದೂ ಜರ್ನಲ್ ಪ್ರಬಂಧವಲ್ಲ. ಲೋಕಾಯುಕ್ತ ವರದಿಗೆ ಇಂಪ್ಯಾಕ್ಟ್ ಫ್ಯಾಕ್ಟರ್ ಇಲ್ಲ; ಸರ್ವೆ ಮಾಡಲು ಬಿಸಿಲಲ್ಲಿ ಗುಡ್ಡ ಹತ್ತಿದವರ ಎಚ್-ಇಂಡೆಕ್ಸ್ ಅದರಿಂದ ಒಂದಂಕಿಯೂ ಏರಲಿಲ್ಲ. ಉಲ್ಲೇಖವಾಗಲೇ ಇಲ್ಲವೆಂದಲ್ಲ. ಒಡಿಶಾದ ಗಣಿಗಳ ಬಗ್ಗೆ ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಕೊಟ್ಟ ತೀರ್ಪಿನಲ್ಲಿ ನಮ್ಮ ಬಳ್ಳಾರಿಯ ಪ್ರಕರಣ ಪ್ರಸ್ತಾಪಗೊಂಡಿದೆ. ಗಾರ್ಫೀಲ್ಡ್ ಯಾವ ವಕೀಲಿಕೆಯ ಕೈಪಿಡಿಯಿಂದ ತಮ್ಮ ವಿಚಾರವನ್ನು ಪಡೆದರೋ ಆ ಬಗೆಯ ಉಲ್ಲೇಖವಿದು. ವಿಜ್ಞಾನದ ಸೂಚಿಗೆ ಮಾತ್ರ ಇದು ಕಾಣುವುದಿಲ್ಲ.

ಕಾಲದ ವಿಚಾರವನ್ನೂ ಹೇಳಬೇಕು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಈ ಸೀಮೆಯನ್ನು ಸುತ್ತಿ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನವನ್ನು ಕುರಿತು ಬರೆದ ಗ್ರಂಥ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ 25ನೆಯ ಸಂಪುಟವಾಗಿ 1895ರಲ್ಲಿ ಪ್ರಕಟವಾಯಿತು. ಸಂಡೂರಿನ ಅದಿರಿನ ಸಮೃದ್ಧಿಯನ್ನು ದಾಖಲಿಸಿದ್ದು ಅದು. ಗಣಿಯವರಿಗೂ ಭೂವಿಜ್ಞಾನಿಗಳಿಗೂ ಪುರಾತತ್ತ್ವದವರಿಗೂ ನೂರು ವರ್ಷ ದಾಟಿದ ಮೇಲೂ ಆಧಾರಗ್ರಂಥ. ಎರಡು ವರ್ಷದ ಕಿಟಕಿಯಿಂದ ನೋಡುವ ಇಂಪ್ಯಾಕ್ಟ್ ಫ್ಯಾಕ್ಟರಿಗೆ ಇಂಥ ದೀರ್ಘಾಯುಷ್ಯ ಗೋಚರಿಸುವುದು ಹೇಗೆ? ಅಮೆರಿಕದ ಪುರಾತತ್ತ್ವಜ್ಞೆ ಕ್ಯಾಥ್ಲೀನ್ ಮಾರಿಸನ್ ಅವರು ದರೋಜಿ ಕಣಿವೆಯ ಕೆರೆಗಳ ಚರಿತ್ರೆಯನ್ನು 2009ರಲ್ಲಿ ಒಂದು ಪುಸ್ತಕವಾಗಿ ತಂದರು. ಸಂಡೂರಿನ ನೀರು ನಾರಿಹಳ್ಳವಾಗಿ ಇಳಿದು ತುಂಬುವ ಕೆರೆ ದರೋಜಿಯದು. ಮೇಲಿನ ಗುಡ್ಡ ಬೋಳಾದರೆ ಕೆಳಗಿನ ಕೆರೆಗೆ ಹೂಳು ಎಂಬುದನ್ನು ಅರಿಯಬಯಸುವವರು ಓದಬೇಕಾದ ಪುಸ್ತಕ. ಪುಸ್ತಕಗಳನ್ನು ಎಣಿಸುವ ಸೂಚಿ ಗಾರ್ಫೀಲ್ಡರ ಸಂಸ್ಥೆಯ ಪರಂಪರೆಗೆ ಸೇರಿದ್ದೇ 2011ರಲ್ಲಿ. ಅಲ್ಲಿಯವರೆಗೆ ಪುಸ್ತಕ ಬರೆದವರು ಲೆಕ್ಕದ ಅಂಚಿನಲ್ಲಿದ್ದರು.

ಪುಸ್ತಕದ ಗತಿ ಇದಾದರೆ ಕನ್ನಡದ ಗತಿಯೇನು? ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ ಸ್ಥಾಪನೆಯಾದದ್ದೇ ಕನ್ನಡದಲ್ಲಿ ಸಂಶೋಧನೆ ನಡೆಯಲಿ ಎಂಬ ಉದ್ದೇಶದಿಂದ. ಕೆರೆ, ಬುಡಕಟ್ಟು, ಜಾನಪದ, ಶಾಸನ ಎಂದು ಅಲ್ಲಿನ ಪ್ರಸಾರಾಂಗ ಹೊರತಂದ ಪುಸ್ತಕಗಳು ನಮ್ಮ ಬಳಗದ ಕಪಾಟಿನಲ್ಲೂ ಇವೆ, ಸವೆದೂ ಇವೆ. ದೊಡ್ಡ ಉಲ್ಲೇಖ ಸೂಚಿಗಳ ಜಗತ್ತು ಬಹುಮಟ್ಟಿಗೆ ಇಂಗ್ಲಿಷಿನದು. ಕನ್ನಡದಲ್ಲಿ ಬರೆದು ಕನ್ನಡದಲ್ಲಿ ಉಲ್ಲೇಖಗೊಂಡದ್ದು ಅವುಗಳ ಕಿವಿಗೆ ಬೀಳುವುದೇ ಅಪರೂಪ. 2015ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಲೈಡನ್ ಪ್ರಣಾಳಿಕೆ ಹತ್ತು ಸೂತ್ರಗಳನ್ನು ಹೇಳಿತು. ಅದರ ಮೂರನೆಯ ಸೂತ್ರ, ಸ್ಥಳೀಯವಾಗಿ ಮಹತ್ವವಾದ ಸಂಶೋಧನೆಯ ಶ್ರೇಷ್ಠತೆಯನ್ನು ರಕ್ಷಿಸಬೇಕು ಎಂಬುದು. ಅದನ್ನು ಬರೆದವರೇ ಉಲ್ಲೇಖ ಗಣನೆಯಲ್ಲಿ ಪಳಗಿದ ತಜ್ಞರು ಎಂಬುದನ್ನು ಗಮನಿಸಬೇಕು. ಅದಕ್ಕೂ ಮೊದಲು, 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಸಂಪಾದಕರು, ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರಿನಿಂದ ವ್ಯಕ್ತಿಯ ಯೋಗ್ಯತೆಯನ್ನು ಅಳೆಯಬಾರದೆಂದು ಘೋಷಿಸಿದ್ದರು.

ನಮ್ಮ ದೇಶದ ಉನ್ನತ ಶಿಕ್ಷಣ ಸಾಗಿದ್ದು ಬಹುತೇಕ ವಿರುದ್ಧ ದಿಕ್ಕಿನಲ್ಲಿ. ವಿಶ್ವವಿದ್ಯಾಲಯ ಅನುದಾನ ಆಯೋಗ 2010ರ ನಿಯಮಾವಳಿಯಲ್ಲಿ ಅಧ್ಯಾಪಕರ ಬಡ್ತಿಗೆ ಅಂಕಪದ್ಧತಿಯನ್ನು ತಂದಿತು. ಪ್ರಬಂಧಕ್ಕೆ ಇಷ್ಟು ಅಂಕ, ಇಂಪ್ಯಾಕ್ಟ್ ಫ್ಯಾಕ್ಟರ್ ಹೆಚ್ಚಿದ್ದರೆ ಇನ್ನಷ್ಟು. 2016ರ ನಿಯಮ ಪಿಎಚ್.ಡಿ. ವಿದ್ಯಾರ್ಥಿಗಳೂ ಪ್ರಬಂಧ ಪ್ರಕಟಿಸಲೇಬೇಕೆಂದಿತು. ಆದದ್ದೇನು? ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚುಹಾಕುವ ಪತ್ರಿಕೆಗಳು ಅಣಬೆಯಂತೆ ಎದ್ದವು. ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ಆಯೋಗದ ಮಾನ್ಯತಾ ಪಟ್ಟಿಯಲ್ಲಿ ವಿಶ್ವವಿದ್ಯಾಲಯಗಳು ಸೂಚಿಸಿದ್ದ 1,009 ಪತ್ರಿಕೆಗಳನ್ನು ಪರೀಕ್ಷಿಸಿ, ಶೇಕಡಾ 88ಕ್ಕೂ ಹೆಚ್ಚಿನವು ಕಳಪೆಯೆಂದು 2018ರಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್'ನಲ್ಲಿ ಬರೆದರು. ಅದೇ ವರ್ಷ ಆಯೋಗ 4,305 ಪತ್ರಿಕೆಗಳನ್ನು ಪಟ್ಟಿಯಿಂದ ಕಿತ್ತಿತು. ಕೇರ್ ಎಂಬ ಹೊಸ ಪಟ್ಟಿ ಬಂತು; 2025ರಲ್ಲಿ ಅದನ್ನೂ ಕೈಬಿಡಲಾಯಿತು. ಪಿಎಚ್.ಡಿ.ಗೆ ಪ್ರಬಂಧ ಕಡ್ಡಾಯವೆಂಬ ಷರತ್ತು 2022ರಲ್ಲೇ ಹೋಗಿದೆ. ನಿಯಮ ಹೋದರೂ ಅಭ್ಯಾಸ ಹೋಗಿಲ್ಲವೆಂಬುದಕ್ಕೆ ನಮ್ಮ ಸಭೆಗೆ ಬಂದ ತರುಣನೇ ಸಾಕ್ಷಿ.

ಮದುವೆಯ ಮನೆಯಲ್ಲಿ ಮುಯ್ಯಿ ಬರೆಯುವವರನ್ನು ನೀವೆಲ್ಲ ಬಲ್ಲಿರಿ. ನೀನು ನನ್ನ ಮಗಳ ಮದುವೆಗೆ ಮಾಡಿದ್ದೆ, ನಾನು ನಿನ್ನ ಮಗನ ಮದುವೆಗೆ ಮಾಡುತ್ತೇನೆ. ಪುಸ್ತಕದಲ್ಲಿ ಹೆಸರು ಹೆಚ್ಚಿದ್ದರೆ ಬಳಗ ದೊಡ್ಡದೆಂದು ಅರ್ಥ. ದಂಪತಿ ಸುಖವಾಗಿ ಬಾಳಿದರೋ ಇಲ್ಲವೋ ಆ ಪುಸ್ತಕದಿಂದ ತಿಳಿಯದು. ಅಂಕಿಯ ಮೇಲೆ ಬಡ್ತಿ ನಿಂತಾಗ ಉಲ್ಲೇಖವೂ ಮುಯ್ಯಿಯಾಗುತ್ತದೆ. ಒಬ್ಬರನ್ನೊಬ್ಬರು ಉಲ್ಲೇಖಿಸುವ ಕೂಟಗಳು, ತನ್ನನ್ನು ತಾನೇ ಉಲ್ಲೇಖಿಸುವ ಚಾಳಿ, ಇವು ಈಗ ಜಗತ್ತಿನೆಲ್ಲೆಡೆಯ ದೂರು. ಅಳತೆಯೇ ಗುರಿಯಾದ ದಿನ ಅಳತೆ ಕೆಡುತ್ತದೆಂಬ ಮಾತನ್ನು ಗುಡ್‌ಹಾರ್ಟ್ ಎಂಬ ಆಂಗ್ಲ ಅರ್ಥಶಾಸ್ತ್ರಜ್ಞರ ಹೆಸರಿನಲ್ಲಿ ಹೇಳುವುದುಂಟು. ಪರ್ಮಿಟ್ಟಿನ ಟನ್ನೇ ಗುರಿಯಾದಾಗ ವೇಬ್ರಿಜ್ಜು ಏನಾಯಿತೆಂಬುದನ್ನು ಕಂಡ ನಮಗೆ ಆಂಗ್ಲರ ಸಾಕ್ಷ್ಯ ಬೇಕಿರಲಿಲ್ಲ.

ಹಾಗೆಂದು ಉಲ್ಲೇಖವೆಂಬುದೇ ಬೂಟಾಟಿಕೆ, ಜರ್ನಲ್ ಎಂಬುದೇ ಪಟ್ಟಣಿಗರ ಆಟ ಎಂದು ಈ ಪತ್ರಿಕೆ ಹೇಳಿದರೆ ಅದು ತಪ್ಪಾಗುತ್ತದೆ. ಪ್ರಕಟವಾಗದ್ದೆಲ್ಲ ಸತ್ಯವಲ್ಲ. ಗಣಿ ಕಂಪನಿಗಳಿಗೆ ಸಲಹೆಗಾರರು ಬರೆದುಕೊಡುವ ಪರಿಸರ ಪರಿಣಾಮ ವರದಿಗಳೂ ಯಾವ ಜರ್ನಲ್ಲಿನಲ್ಲೂ ಪರೀಕ್ಷೆಗೊಳಗಾದವಲ್ಲ. ಸಾರ್ವಜನಿಕ ಅಹವಾಲು ಸಭೆಯಲ್ಲಿ ಅವರ ವರದಿಯ ಅಂಕಿಯನ್ನು ಪ್ರಶ್ನಿಸುವ ಹಳ್ಳಿಯ ಯುವಕನಿಗೆ ಒಂದು ಪರಿಶೀಲಿತ ಪ್ರಬಂಧ ಕೈಯಲ್ಲಿದ್ದರೆ ಅದು ಬಲವೇ. ಒಂದು ಹೇಳಿಕೆಯನ್ನು ಆಮೇಲೆ ಯಾರು ಖಂಡಿಸಿದ್ದಾರೆ ಎಂದು ಜಾಡು ಹಿಡಿಯಲು ಉಲ್ಲೇಖ ಸೂಚಿಯಂಥ ಸಾಧನ ಮತ್ತೊಂದಿಲ್ಲ. ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಇದೇ ಪುಟಗಳಲ್ಲಿ, ಚಳವಳಿಯ ಉತ್ಸಾಹದಲ್ಲಿ, ಎಲ್ಲಿಂದ ಬಂತೆಂದು ತಿಳಿಸದೆ ಅಂಕಿಗಳನ್ನು ಅಚ್ಚುಹಾಕಿದ್ದೇವೆ. ಅದನ್ನು ಮುಂದೊಬ್ಬರು ಎತ್ತಿ ಹೇಳಿದಾಗ ಮೂಲ ಕೇಳಿದರೆ ನಮ್ಮ ಕಡೆಯೇ ಬೆರಳು ಬರುತ್ತದೆ, ನಮ್ಮಲ್ಲಿ ಕಾಗದವಿಲ್ಲ. ಉಲ್ಲೇಖದ ಶಿಸ್ತನ್ನು ಅಣಕಿಸುವ ಮೊದಲು ಕಲಿಯಬೇಕಾದವರಲ್ಲಿ ನಾವೂ ಇದ್ದೇವೆ.

ಈ ಮಾತನ್ನು ಈಗಲೇ ಏಕೆ ಎತ್ತಿದೆವು? ಬಳ್ಳಾರಿಯ ಉತ್ಪಾದನಾ ಮಿತಿ ಹಾಗೆಯೇ ನಿಂತಿಲ್ಲ. 2022ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ವರ್ಷಕ್ಕೆ 3.5 ಕೋಟಿ ಟನ್ನಿಗೆ ಏರಿಸಿತು. 2024ರಲ್ಲಿ ದೇವದಾರಿ ಬೆಟ್ಟದ ಸುಮಾರು 400 ಹೆಕ್ಟೇರ್ ಕಾಡಿನಲ್ಲಿ ಗಣಿ ತೆರೆಯುವ ಪ್ರಸ್ತಾಪ ವಿವಾದವಾದಾಗ, 99 ಸಾವಿರದಷ್ಟು ಮರಗಳು ಉರುಳುತ್ತವೆಂಬ ಎಣಿಕೆಯೇ ನಾಡಿನ ಗಮನ ಸೆಳೆದದ್ದು. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ನ್ಯಾಯಾಲಯದ ನಿಗಾದಲ್ಲಿ ಸಾವಿರಾರು ಕೋಟಿ ರೂಪಾಯಿಯ ಯೋಜನೆಯೂ ಇದೆ. ಆ ಹಣ ಖರ್ಚಾದ ಮೇಲೆ ಹಳ್ಳ ತಿಳಿಯಾಯಿತೇ, ಬಾವಿ ಮೇಲೆ ಬಂತೇ, ಧೂಳು ಇಳಿಯಿತೇ ಎಂದು ಹೇಳಲು ಮೊದಲು ಹೇಗಿತ್ತೆಂಬ ದಾಖಲೆ ಬೇಕು. ಅದು ಒಂದು ವರ್ಷದ ಪ್ರಾಜೆಕ್ಟಿನಿಂದ ಬರುವುದಿಲ್ಲ. ಒಂದೇ ಬಾವಿಗೆ ಪ್ರತಿ ತಿಂಗಳು ಹಗ್ಗ ಇಳಿಬಿಟ್ಟು, ಒಂದೇ ಸೇತುವೆಯ ಕೆಳಗೆ ಪ್ರತಿ ಮಳೆಗೆ ಸೀಸೆ ತುಂಬಿ, ಹತ್ತು ವರ್ಷ ಬರೆದಿಟ್ಟ ಬೇಸರದ ಕೆಲಸದಿಂದ ಬರುತ್ತದೆ. ಹೊಸತೇನನ್ನೂ ಕಂಡುಹಿಡಿಯದ ಈ ಕೆಲಸಕ್ಕೆ ಉಲ್ಲೇಖ ದೊರೆಯುವುದು ಕಷ್ಟ. ಅಧ್ಯಾಪಕರು ಅದನ್ನು ಬೇಡವೆನ್ನುತ್ತ ಹೋದರೆ, ಮುಂದಿನ ಸಲ ಮಿತಿಯನ್ನು ಏರಿಸುವ ಮಾತು ಬಂದಾಗ ಮೇಜಿನ ಮೇಲೆ ಗಣಿಯವರ ಅಂಕಿಗಳು ಮಾತ್ರ ಇರುತ್ತವೆ.

ನಂದಿಹಳ್ಳಿಯ ಸ್ನಾತಕೋತ್ತರ ಕೇಂದ್ರ ಇರುವುದು ಈ ಗುಡ್ಡಗಳ ನಡುವೆಯೇ. ಬಳ್ಳಾರಿಯಲ್ಲಿ ವಿಶ್ವವಿದ್ಯಾಲಯವಿದೆ, ಹಂಪಿಯಲ್ಲಿ ಕನ್ನಡದ್ದೇ ವಿಶ್ವವಿದ್ಯಾಲಯವಿದೆ. ಅಲ್ಲಿನ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟು: ಒಂದು ಅಧ್ಯಯನವನ್ನು ತೂಗುವಾಗ ಎಷ್ಟು ಜನ ಉಲ್ಲೇಖಿಸಿದರು ಎಂಬುದರ ಪಕ್ಕದಲ್ಲೇ ಅದನ್ನು ಯಾರು ಬಳಸಿದರು ಎಂದೂ ಕೇಳಿ. ಗ್ರಾಮಸಭೆಯ ಠರಾವಿನಲ್ಲಿ, ನ್ಯಾಯಾಲಯದ ಪ್ರಮಾಣಪತ್ರದಲ್ಲಿ, ಅರಣ್ಯ ಇಲಾಖೆಯ ಟಿಪ್ಪಣಿಯಲ್ಲಿ ಬಂದ ಹೆಸರನ್ನೂ ಹೆಸರೆಂದು ಎಣಿಸಿ. ಪ್ರಬಂಧ ಇಂಗ್ಲಿಷಿನಲ್ಲಿದ್ದರೆ ಅದರ ಎರಡು ಪುಟದ ಕನ್ನಡ ಸಾರ ಆಯಾ ಪಂಚಾಯಿತಿಗೆ ತಲುಪಲೇಬೇಕೆಂಬ ಷರತ್ತು ಹಾಕಿ. ಅದಕ್ಕೆ ಯಾವ ಆಯೋಗದ ಅನುಮತಿಯೂ ಬೇಕಿಲ್ಲ.

ಹೂಳನ್ನು ಅಳೆಯಬಯಸಿದ ತರುಣನಿಗೆ ಬಳಗ ಒಂದು ತೀರ್ಮಾನ ಮಾಡಿದೆ. ಅವನು ಪಿಎಚ್.ಡಿ.ಗೆ ಯಾವ ವಿಷಯವನ್ನೇ ಆಯ್ದುಕೊಳ್ಳಲಿ, ನಾರಿಹಳ್ಳದ ಅಳತೆಯನ್ನು ನಾವು ಕೂಡಿ ಈ ಮುಂಗಾರಿನಿಂದ ಆರಂಭಿಸುತ್ತೇವೆ. ದಿನಾಂಕ, ಸ್ಥಳ, ಹಿಂದಿನ ದಿನದ ಮಳೆ, ನೀರಿನ ಮಟ್ಟ, ಸೀಸೆಯ ಸಂಖ್ಯೆ, ಅಳೆದವರ ಸಹಿ ಎಂದು ಆರು ಕಲಮುಗಳ ನೋಟ್‌ಬುಕ್ ಅಚ್ಚಾಗುತ್ತಿದೆ. ಬಾವಿಗಳಿಗೆ ಬೇರೆ ನೋಟ್‌ಬುಕ್. ಮೊದಲ ಪುಟದಲ್ಲಿ ಅಳೆಯುವ ವಿಧಾನವನ್ನು ಕನ್ನಡದಲ್ಲಿ ಬರೆದಿರುತ್ತದೆ. ವಿಧಾನ ತಪ್ಪೆನಿಸಿದ ಭೂವಿಜ್ಞಾನದ ಅಧ್ಯಾಪಕರು ಈಗಲೇ ತಿದ್ದಿಕೊಡಬೇಕು, ಹತ್ತು ವರ್ಷದ ನಂತರವಲ್ಲ. ಶಾಲೆಗೆ ಹೋಗುವ ದಾರಿಯಲ್ಲಿ ಹಳ್ಳ ದಾಟುವ ವಿದ್ಯಾರ್ಥಿಗಳು, ಬಾವಿಯುಳ್ಳ ರೈತರು ಮುಂದಿನ ಸಭೆಗೆ ಬಂದು ತಮ್ಮ ಪ್ರತಿಯನ್ನು ಒಯ್ಯಬಹುದು. 'ಆ ಸೈಟೇನು?' ಎಂದು ಕೇಳಿದ ಹಿರಿಯರು ಮೊದಲ ಪ್ರತಿಗೆ ಈಗಾಗಲೇ ಹೆಸರು ಬರೆಸಿದ್ದಾರೆ.